ಒಂಬತ್ತು ಸಾವಿರ ಹೂಂ

ಯಲಿಗಾರ ಮೇಡಂ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕರೆಗಾಗಿ ಕಾಯುತ್ತ ಕೂತದ್ದು ಅವತ್ತಿಗೆ ಇಪ್ಪತ್ತಮೂರನೇ ದಿನ. ಒಂದೂ ಕರೆ ಬಂದಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಬರುವುದು, ಮಧ್ಯಾಹ್ನ ಡಬ್ಬಿ ಬಿಚ್ಚಿ ಒಂದು ರೊಟ್ಟಿ ತಿನ್ನುವುದು, ಸಂಜೆ ಐದೂವರೆಗೆ ಎದ್ದು ಹೋಗುವುದು. ನೊಣ ಹೊಡೆಯುತ್ತ ಕೂರೋಣ ಅಂದರೆ ಆ ಏಸಿ ಕೋಣೆಯೊಳಗೆ ನೊಣವೂ ಇರಲಿಲ್ಲ.

ಕೋಣೆ ಇದ್ದದ್ದು ಬಾಗಲಕೋಟೆಯ ನವನಗರದಲ್ಲಿ. ಸರ್ವಪಾಠದ ನಿಯಂತ್ರಣ ಕೊಠಡಿ ಅಂತ ಹೊರಗೆ ಬೋರ್ಡು. ಸರ್ವಪಾಠ ಬಂದಾಗ ಚಪ್ಪಾಳೆ ತಟ್ಟದವರು ಯಾರು ಹೇಳಿ? ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳದ್ದು ಒಟ್ಟು ನಾನ್ನೂರ ಹನ್ನೆರಡು ಕ್ಯಾಂಪಸ್ಸು. ಒಂದು ಕಡೆ ವಿದ್ಯಾರ್ಥಿಗಳಿದ್ದರೆ ಮೇಷ್ಟ್ರಿಲ್ಲ, ಇನ್ನೊಂದು ಕಡೆ ವಿಭಾಗದ ಬೋರ್ಡಿದ್ದರೆ ವಿಭಾಗವೇ ಇಲ್ಲ. ಆ ಬಡತನವೆಲ್ಲ ಒಂದೇ ಏಟಿಗೆ ಹೋಯಿತು. ಯಾವ ಮೂಲೆಯ ಕ್ಯಾಂಪಸ್ಸಿನ ಹುಡುಗಿಯಾದರೂ ಸರಿ, ತನಗೆ ಬೇಕಾದ ಕೋರ್ಸನ್ನು ಕೂತಲ್ಲೇ ಕಲಿಯಬಹುದು. ವಿಷಯಕ್ಕೊಬ್ಬ ಒಳ್ಳೇ ಮೇಷ್ಟ್ರನ್ನು ಆರಿಸಿ, ಅವರ ತರಗತಿಯಲ್ಲಿ ಇಡೀ ವರ್ಷ ಮೈಕು ಇಟ್ಟು, ವಿದ್ಯಾರ್ಥಿಗಳ ಗದ್ದಲ ಅಳಿಸಿ, ಮೇಷ್ಟ್ರ ದನಿಯನ್ನಷ್ಟೇ ಉಳಿಸಿಕೊಂಡು ಯಂತ್ರಕ್ಕೆ ಒಪ್ಪಿಸಿದರು. ಯಂತ್ರ ಅದೇ ದನಿಯಲ್ಲಿ ಒಬ್ಬೊಬ್ಬರಿಗೂ ಅವರವರ ವೇಗಕ್ಕೆ ತಕ್ಕಂತೆ ಪಾಠ ಹೇಳುತ್ತದೆ. ಹೇಳುತ್ತ ಹೇಳುತ್ತಲೇ ಆ ಕಡೆಯವರ ಮಾತು ಕೇಳಿಸಿಕೊಂಡು, ತಿಳಿಯಿತೋ ಇಲ್ಲವೋ ಅಂತ ಅಳೆಯುತ್ತದೆ. ಆ ಅಳತೆಗೆ ಅರಿವಿನಂಕ ಅಂತ ಹೆಸರು. ನೂರಕ್ಕೆ ನಲವತ್ತರ ಕೆಳಗಿಳಿದರೆ ಪಾಠ ನಿಂತು, ಕರೆ ಆಸರೆ ಮೇಜಿಗೆ ಬರುತ್ತದೆ. ಆಸರೆ ಮೇಜು ಅಂದರೆ ದೊಡ್ಡದೇನಲ್ಲ, ಹೆಡ್‌ಫೋನು ಹಾಕಿಕೊಂಡು ಕೂತ ಜೀವಂತ ಮನುಷ್ಯರು.

ಶುರುವಿನಲ್ಲಿ ಆ ಮೇಜಿನಲ್ಲಿ ಹನ್ನೊಂದು ಜನ ಇದ್ದರು. ಕರೆಗಳು ಕಮ್ಮಿಯಾದ ಹಾಗೆ ಒಬ್ಬೊಬ್ಬರನ್ನೇ ಬೇರೆ ಕಡೆ ಕಳಿಸಿದರು. ಉಳಿದವರು ಶಶಿಕಲಾ ಯಲಿಗಾರ ಒಬ್ಬರೇ. ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿದವರು, ನಿವೃತ್ತಿಗೆ ಇನ್ನು ಎಂಟು ತಿಂಗಳು. ಮದುವೆ ಯಾಕೆ ಆಗಲಿಲ್ಲ ಅಂತ ಯಾರಾದರೂ ಕೇಳಿದರೆ, ಪೇಪರ್ ತಿದ್ದುವುದರಲ್ಲಿ ಪುರಸೊತ್ತು ಸಿಗಲಿಲ್ಲ ಅನ್ನುತ್ತಿದ್ದರು. ಸರ್ವಪಾಠದ ಸಂಖ್ಯಾಶಾಸ್ತ್ರಕ್ಕೆ ಆರಿಸಿದ್ದು ಅವರ ದನಿಯನ್ನೇ. ಅರವತ್ಮೂರು ಸಾವಿರ ವಿದ್ಯಾರ್ಥಿಗಳ ಕಿವಿಯಲ್ಲಿ ದಿನಾ ಮಾತಾಡುವ ಹೆಂಗಸಿನ ಜೊತೆ ಇಡೀ ದಿನ ಮಾತಾಡುವವರು ಯಾರೂ ಇರಲಿಲ್ಲ. ಹೇಳಿಕೊಂಡರೆ ಜನ ನಕ್ಕಾರು, ಆದರೆ ಅವರ ಸಂಕಟ ಅದೇ.

ತಿಂಗಳ ಕೊನೆಗೆ ಮೇಜನ್ನು ಮುಚ್ಚುತ್ತೇವೆ ಅಂತ ಆದೇಶ ಬಂತು. ಸಂಖ್ಯಾಶಾಸ್ತ್ರದ ಸರಾಸರಿ ಅರಿವಿನಂಕ ತೊಂಬತ್ತಾರು, ಸಹಾಯ ಯಾರಿಗೂ ಬೇಕಾಗಿಲ್ಲ, ಇನ್ನು ಮುಂದೆ ಕರೆ ಮನುಷ್ಯರ ತನಕ ಬರುವುದೇ ಇಲ್ಲ ಅಂತ ಅದರಲ್ಲಿತ್ತು. ಕೊಠಡಿಯ ಎಂಜಿನಿಯರ್ ಮುನೀರ್ ಬಾಗವಾನ ಆ ಕಾಗದವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ನಿಮ್ಮ ಪಾಠ ಅಷ್ಟು ಚಲೋ ಐತಿ ಅಂತ ಅರ್ಥ ಮೇಡಂ, ಬೇಜಾರಾಗಬ್ಯಾಡ್ರಿ ಅಂದ. ಒಳ್ಳೇ ಮನುಷ್ಯ, ಸಮಾಧಾನಕ್ಕೆ ಹೇಳಿದ್ದು.

ಮೇಡಂಗೆ ಸಮಾಧಾನ ಆಗಲಿಲ್ಲ. ತನ್ನ ಕೆಲಸ ಹೋಗುತ್ತದೆ ಅನ್ನುವುದಕ್ಕಲ್ಲ, ಲೆಕ್ಕ ಕೂಡಿಬರಲಿಲ್ಲ ಅನ್ನುವುದಕ್ಕೆ. ಮೂವತ್ತು ವರ್ಷದಲ್ಲಿ ಒಂದು ವರ್ಷವೂ ಎಪ್ಪತ್ತು ಜನರ ತರಗತಿಯಲ್ಲಿ ಎಪ್ಪತ್ತೂ ಜನಕ್ಕೆ ಪಾಠ ತಿಳಿದದ್ದಿಲ್ಲ. ಮೂರನೇ ಪಾಠ ವಿಚಲನೆಯದ್ದು, ಅಂದರೆ ಸರಾಸರಿಯಿಂದ ಒಬ್ಬೊಬ್ಬರು ಎಷ್ಟು ದೂರ ಇದ್ದಾರೆ ಅನ್ನುವ ಲೆಕ್ಕ. ಅಲ್ಲಿಗೆ ಬಂದರೆ ಇಪ್ಪತ್ತು ಹಣೆಯಾದರೂ ಗಂಟಿಕ್ಕಲೇಬೇಕು. ಅರವತ್ಮೂರು ಸಾವಿರದಲ್ಲಿ ಒಂದೂ ಹಣೆ ಗಂಟಿಕ್ಕಲಿಲ್ಲವೇ? ತಿಳಿಯದವರು ಎಲ್ಲೋ ಇದ್ದಾರೆ, ತನಗೆ ಕಾಣುತ್ತಿಲ್ಲ, ತಿಂಗಳು ತುಂಬಿದ ಮೇಲೆ ಅವರ ದನಿ ಯಾರಿಗೂ ಕೇಳಿಸುವುದಿಲ್ಲ. ಇದೊಂದು ಮಾತು ಮೇಡಂ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಕೂತಿತು.

ಮನೆ ಸೆಕ್ಟರ್ ನಲವತ್ತೈದರಲ್ಲಿ. ಸಂಜೆ ಏಳಕ್ಕೆ ಗುಳೇದಗುಡ್ಡದಿಂದ ಅಕ್ಕ ಕಸ್ತೂರಿಯ ಫೋನು ಬರುವುದು ಇಪ್ಪತ್ತು ವರ್ಷದ ರೂಢಿ. ಅಕ್ಕನ ಮಾತು ಅಂದರೆ ಬಿಚ್ಚಿದ ದಾರದುಂಡೆ, ಹಿಡಿದು ನಿಲ್ಲಿಸುವ ಹಾಗಿಲ್ಲ. ಸೊಸೆ ಹೀಗಂದಳು, ಬೀಗರು ಹಾಗಂದರು, ಮೊಣಕಾಲು ನೋವು, ನಲ್ಲಿ ನೀರು. ಮೇಡಂ ಫೋನನ್ನು ಸ್ಪೀಕರಿಗೆ ಹಾಕಿ, ಪಲ್ಯ ಹೆಚ್ಚುತ್ತ, ಆದೇಶದ ಕಾಗದವನ್ನೇ ಯೋಚಿಸುತ್ತ, ಹೂಂ ಅನ್ನುತ್ತಿದ್ದರು. ಅಕ್ಕ ನಡುವೆ ಏನೋ ಅಂದಳು, ಇವರು ಹೂಂ ಅಂದರು. ಆ ಕಡೆ ಮಾತು ಗಪ್ಪನೆ ನಿಂತಿತು.

"ಶಶಿ, ನಾ ಈಗ ಏನಂದೆ?"

ಮೇಡಂ ತಡಬಡಿಸಿದರು. ನೀರಿನ ಸುದ್ದಿ ಅಲ್ಲೇನು ಅಂದರು.

"ನಮ್ಮ ಎತ್ತು ಕರು ಹಾಕೇತಿ ಅಂದೆ. ನೀ ಹೂಂ ಅಂದಿ. ನಮ್ಮ ಮನ್ಯಾಗ ಎತ್ತಾದ್ರೂ ಎಲ್ಲೈತಿ?"

ಅಕ್ಕ ನಕ್ಕೇ ಹೇಳಿದ್ದು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಂಗಾತು ನಿನ್ನ ಕಥಿ ಅಂತ ಬೈದಳು. ಇಷ್ಟು ವರ್ಷ ನಾನು ಗೋಡೆಗೆ ಹೇಳಿಕೊಂಡಂಗಾಯಿತೇನೋ ಅಂತ ಕೊನೆಗೆ ಸ್ವಲ್ಪ ದನಿ ಇಳಿಸಿದಳು. ಮೇಡಂಗೆ ನಾಚಿಕೆಯಾಯಿತು. ತಪ್ಪಾತಕ್ಕ ಅಂದರು. ಫೋನು ಇಟ್ಟ ಮೇಲೆ ಈಳಿಗೆಮಣೆಯ ಮುಂದೆಯೇ ಹಾಗೇ ಕೂತುಬಿಟ್ಟರು. ಹೂಂ ಅಂದರೆ ತಿಳಿಯಿತು ಅಂತ ಯಾವಾಗ ಅರ್ಥ ಇತ್ತು? ಕಥೆ ಹೇಳುವವರ ಮುಂದೆ ಕೂತವರು ಹೂಂಗುಟ್ಟಬೇಕು, ಅದು ನಮ್ಮಲ್ಲಿ ಮರ್ಯಾದೆ. ನಾನಿಲ್ಲಿದ್ದೇನೆ, ನೀನು ಹೇಳು ಅನ್ನುವುದಕ್ಕೆ ಹೂಂ. ಅದು ನಿಂತರೆ ಹೇಳುವವರೂ ನಿಲ್ಲಿಸುತ್ತಾರೆ. ಅರವತ್ಮೂರು ಸಾವಿರ ಜನ ಹೀಗೇ ಪಲ್ಯ ಹೆಚ್ಚುತ್ತ ಕೂತಿದ್ದಾರೇನೋ ಅಂತ ಮೇಡಂಗೆ ಹೊಳೆಯಿತು.

ಮರುದಿನ ಮುನೀರ್ ಬಾಗಿಲು ತೆಗೆಯುವ ಮೊದಲೇ ಅವರು ಮೆಟ್ಟಿಲ ಮೇಲಿದ್ದರು. ವಿದ್ಯಾರ್ಥಿಗಳು ಪಾಠಕ್ಕೆ ಏನೇನು ಉತ್ತರ ಕೊಟ್ಟಿದ್ದಾರೆ, ಅದನ್ನು ಮಾತುಮಾತಾಗಿ ತೋರಿಸು ಅಂತ ಪಟ್ಟು ಹಿಡಿದರು. ಮುನೀರ್ ಮೊದಲು ನಕ್ಕ, ಆಮೇಲೆ ಪರದೆಯ ಮೇಲೆ ಪಟ್ಟಿ ಇಳಿಸಿದ, ಆಮೇಲೆ ನಗಲಿಲ್ಲ. ನೂರು ಉತ್ತರದಲ್ಲಿ ತೊಂಬತ್ತೊಂದು ಹೂಂ. ಯಂತ್ರ ಅದಷ್ಟನ್ನೂ ತಿಳಿಯಿತು ಅನ್ನುವ ಖಾನೆಗೆ ಹಾಕಿತ್ತು. ಯಾಕೆ ಅಂತ ಅಗೆದು ನೋಡಿದರೆ, ಕನ್ನಡ ಕೇಳಿಸಿಕೊಳ್ಳುವುದನ್ನು ಅದಕ್ಕೆ ಕಲಿಸಿದ್ದು ಯಾವುದೋ ಫೋನು ಸೇವೆಯ ಹಳೆಯ ರೆಕಾರ್ಡಿಂಗುಗಳಿಂದ. ನಿಮ್ಮ ವಿಳಾಸ ಸರಿಯೇ, ಹೂಂ. ಯೋಜನೆ ಮುಂದುವರಿಸಲೇ, ಹೂಂ. ಅಲ್ಲಿ ಹೂಂ ಅಂದರೆ ಒಪ್ಪಿಗೆಯೇ. ಕಥೆ ಕೇಳುವ ಹೂಂ ಬೇರೆ ಅಂತ ಯಂತ್ರಕ್ಕೆ ಯಾರು ಹೇಳಬೇಕಿತ್ತು?

"ನಮ್ಮ ದಾದಿ, ಅಂದ್ರ ನಮ್ಮಪ್ಪನ ಅವ್ವ, ಆಕೀನೂ ಹಂಗ ಇದ್ದಳ್ರಿ ಮೇಡಂ," ಅಂದ ಮುನೀರ್. "ಹೂಂ ಅನ್ನಲಿಲ್ಲಂದ್ರ ಕಥಿ ನಿಲ್ಲಸಿಬಿಡ್ತಿದ್ದಳು."

ಯಂತ್ರವೂ ಹಾಗೇ ಮಾಡುತ್ತಿತ್ತು, ಅದು ಬೇರೆ ಕಾರಣಕ್ಕೆ. ಕೋರ್ಸುಗಳನ್ನು ಎಲ್ಲ ಕ್ಯಾಂಪಸ್ಸಿಗೂ ಹಬ್ಬಿಸಿದಾಗ ಲೈನುಗಳು ಸಾಲದೆ ಬಂದು, ಇಪ್ಪತ್ತು ಸೆಕೆಂಡು ಆ ಕಡೆಯಿಂದ ಸದ್ದೇ ಬರದಿದ್ದರೆ ಪಾಠ ನಿಲ್ಲಿಸಿ ಲೈನನ್ನು ಇನ್ನೊಬ್ಬರಿಗೆ ಕೊಡು ಅಂತ ಮುನೀರನೇ ಬರೆದಿದ್ದ. ಮಿತವ್ಯಯಕ್ಕೆ ಅಂತ ಅವನಿಗೆ ಆ ವರ್ಷ ಪ್ರಶಸ್ತಿಯೂ ಬಂದಿತ್ತು. ಅದನ್ನು ಈಗ ಯಾಕೆ ನೆನಪಿಸಿಕೊಂಡನೋ, ಪಾಪ, ಮುಖ ಸಣ್ಣದು ಮಾಡಿಕೊಂಡ.

ಇಬ್ಬರೂ ಸೇರಿ ಮೇಲಿನವರಿಗೆ ಹೇಳಿದರು. ಉಪನಿರ್ದೇಶಕರು ಪರದೆಯ ಮೇಲೆ ಬಂದು ಎಲ್ಲ ಕೇಳಿ, ಕೆಟ್ಟ ಮಾತೇನೂ ಆಡಲಿಲ್ಲ. ಆದರೆ ಅಳತೆಯನ್ನೇ ಬದಲಿಸಬೇಕು ಅಂದರೆ ಎಲ್ಲ ವಿಷಯಗಳ ಅಂಕವೂ ಬಿದ್ದುಹೋಗುತ್ತದೆ, ನಿಮ್ಮ ಊಹೆಯ ಮೇಲೆ ಅಷ್ಟು ಮಾಡುವುದಕ್ಕಾಗುವುದಿಲ್ಲ ಅಂದರು. ಒಬ್ಬ ವಿದ್ಯಾರ್ಥಿಯಾದರೂ ರೆಕಾರ್ಡಾಗುವ ಕರೆಯಲ್ಲಿ, ನಾನು ಹೂಂ ಅಂದೆ ಆದರೆ ನನಗೆ ತಿಳಿದಿರಲಿಲ್ಲ ಅಂತ ತನ್ನ ಬಾಯಿಂದ ಹೇಳಲಿ, ಆಗ ನೋಡೋಣ. ಮೇಜು ಮುಚ್ಚಲು ಆರು ದಿನ ಇತ್ತು.

ಮುನೀರ್ ಅತಿ ಹೆಚ್ಚು ಹೂಂ ಅಂದವರ ಹೆಸರು ಹುಡುಕಿದ. ಮೊದಲು ಬಂದದ್ದು ಬಾಳವ್ವ ಗೌಂಡಿ, ಕಲ್ಲೊಡ್ಡು ಕ್ಯಾಂಪಸ್ಸು, ಬಿಎಸ್ಸಿ ಎರಡನೇ ವರ್ಷ. ಮೂವತ್ತೊಂದು ಪಾಠಕ್ಕೆ ಒಂಬತ್ತು ಸಾವಿರದ ನಾನ್ನೂರು ಹೂಂ. ಮೊದಲೆರಡು ಪಾಠದಲ್ಲಿ ಆರು ಪ್ರಶ್ನೆ ಕೇಳಿದ್ದಳು, ಚುರುಕು ಪ್ರಶ್ನೆಗಳು, ಮೇಡಂ ಓದಿ ಖುಷಿಪಟ್ಟರು. ಮೂರನೇ ಪಾಠದಿಂದ ಈಚೆಗೆ ಒಂದೂ ಇಲ್ಲ, ಬರೀ ಹೂಂ. ಅರಿವಿನಂಕ ತೊಂಬತ್ತೊಂಬತ್ತು. ಮುಂದಿನ ತಿಂಗಳು ಪರೀಕ್ಷೆ. ಅಂಕ ಅಷ್ಟಿರುವವರಿಗೆ ಮರುಪಾಠ ಕೊಡುವುದಿಲ್ಲ ಅಂತ ನಿಯಮ.

ಕರೆ ಹಚ್ಚಿದರು. ಉಪನಿರ್ದೇಶಕರ ಕಚೇರಿಯವರೂ ಲೈನಿನಲ್ಲಿ ಕೂತರು. ಮೇಡಂ ಗಂಟಲು ಸರಿಮಾಡಿಕೊಂಡು, ಬಾಳವ್ವಾ, ನಾನು ಶಶಿಕಲಾ ಯಲಿಗಾರ, ಮಷೀನಲ್ಲ, ಖರೇನ ನಾನು ಅಂದರು.

"ಹೂಂ," ಅಂತು ಆ ಕಡೆಯ ದನಿ.

ನಿನಗೆ ಪಾಠ ಹೇಳೋ ದನಿ ನಂದೇ, ಆದರ ಈಗ ಮಾತಾಡ್ತಿರೋದು ನಾನ ಅಂದರು. ಹೂಂ ಅಂದಳು. ಹೂಂ ಅನಬ್ಯಾಡ ತಂಗಿ ಅಂದರು. ಅದಕ್ಕೂ ಹೂಂ ಅಂದಳು. ಪಾಪ ಹುಡುಗಿಯ ತಪ್ಪೇನು, ಆರು ತಿಂಗಳಿಂದ ಕೇಳಿದ ದನಿ ಇದೇ, ಇವತ್ತು ಯಂತ್ರ ಹೊಸ ಪಾಠ ಶುರುಮಾಡಿದೆ ಅಂದುಕೊಂಡಳು. ತಾವು ಯಂತ್ರವಲ್ಲ ಅಂತ ರುಜುವಾತು ಮಾಡುವುದು ಹೇಗೆ ಅಂತ ಮೇಡಂಗೆ ತಿಳಿಯಲಿಲ್ಲ. ಆ ಏಸಿ ಗಾಳಿಗೆ ಅವರಿಗೆ ಅಷ್ಟರಲ್ಲಿ ಮೂರು ಸೀನು ಒಟ್ಟಿಗೆ ಬಂದವು. ಯಂತ್ರ ಸೀನುವುದಿಲ್ಲ. ಈ ಸಲ ಆ ಕಡೆಯಿಂದ ಹೂಂ ಬರಲಿಲ್ಲ.

"ಯಾರ್ರೀ?" ಅಂದಳು ಬಾಳವ್ವ, ಬಹಳ ಸಣ್ಣ ದನಿಯಲ್ಲಿ.

ಮೇಡಂ ಮತ್ತೆ ಎಲ್ಲ ಹೇಳಿದರು. ಈ ಮಾತು ರೆಕಾರ್ಡ್ ಆಗುತ್ತದೆ, ದೊಡ್ಡ ಸಾಹೇಬರು ಕೇಳುತ್ತಿದ್ದಾರೆ, ಹೆದರಬೇಡ ಅಂತಲೂ ಹೇಳಿದರು. ಅಲ್ಲೇ ಎಡವಟ್ಟಾಯಿತು ಅಂತ ಆಮೇಲೆ ಅವರಿಗೇ ಗೊತ್ತಾಯಿತು. ಕೊನೆಗೆ, ಮೂರನೇ ಪಾಠದಿಂದ ಮುಂದೆ ನಿನಗೆ ತಿಳಿದಿದೆಯಾ, ಇದ್ದದ್ದು ಇದ್ದ ಹಾಗೆ ಹೇಳು ಅಂದರು.

"ಎಲ್ಲಾ ತಿಳದೈತ್ರಿ ಮೇಡಂ. ಭಾಳ ಚಲೋ ಹೇಳ್ತೀರಿ."

ಕಲಿಸಿದವರು ತಾವೇ ಫೋನು ಮಾಡಿ ತಿಳಿಯಿತಾ ಅಂತ ಕೇಳಿದಾಗ, ನೀವು ಹೇಳಿದ್ದು ತಿಳಿಯಲಿಲ್ಲ ಅಂತ ಅವರ ಮುಖಕ್ಕೆ ಹೊಡೆದ ಹಾಗೆ ಹೇಳುವ ಮಕ್ಕಳು ನಮ್ಮ ಸೀಮೆಯಲ್ಲಿ ಎಷ್ಟಿದ್ದಾರೆ? ಕಚೇರಿಯವರು ಧನ್ಯವಾದ ಹೇಳಿ ಲೈನು ಕಡಿದರು. ಹುಡುಗಿಯ ಆ ಎರಡು ವಾಕ್ಯವನ್ನೇ ಸರ್ವಪಾಠದ ಮುಂದಿನ ಪ್ರಕಟಣೆಗೆ ಹಾಕಿಕೊಳ್ಳುತ್ತೇವೆ ಅಂತಲೂ ಪತ್ರ ಬಂತು. ಮುನೀರ್ ಆ ಪತ್ರವನ್ನು ಮೇಡಂಗೆ ಓದಿ ಹೇಳಲಿಲ್ಲ, ಪರದೆಯ ಮೇಲೆ ಬಿಟ್ಟು ಚಹಾ ಕುಡಿಯಲು ಹೋದ.

ಮೂವತ್ತೊಂದನೇ ತಾರೀಖು ಮೇಜಿನ ವೈರು ಬಿಚ್ಚಿದರು. ನಿವೃತ್ತಿಯವರೆಗೆ ರಜೆ ಹಾಕಿಕೊಳ್ಳಿ ಅಂದರು. ಮೇಡಂ ಮನೆಗೆ ಬಂದು ಎರಡು ದಿನ ಸುಮ್ಮನಿದ್ದರು. ಮನೆಯಲ್ಲಿ ಸದ್ದು ಅಂದರೆ ಫ್ರಿಜ್ಜಿನದು ಮಾತ್ರ. ನನಗೆ ಯಾರೂ ಇಲ್ಲ ಅನ್ನುವ ಮಾತು ಆ ಎರಡು ದಿನದಲ್ಲಿ ಎಷ್ಟು ಸಲ ಬಾಯಿಗೆ ಬಂತೋ, ಪ್ರತಿ ಸಲವೂ ಅದರ ಹಿಂದೆಯೇ ಆ ಹುಡುಗಿಯ "ಯಾರ್ರೀ" ಕೇಳಿಸುತ್ತಿತ್ತು. ಮೂರನೇ ದಿನ ಬೆಳಿಗ್ಗೆ ಅಕ್ಕನಿಗೆ ತಾವೇ ಫೋನು ಮಾಡಿ, ಸಂಜೆ ನಾನು ಸಿಗುವುದಿಲ್ಲ, ಕಲ್ಲೊಡ್ಡಿಗೆ ಹೋಗುತ್ತಿದ್ದೇನೆ ಅಂದರು. ಅಲ್ಲಿ ನಮ್ಮವರು ಯಾರಿದ್ದಾರೆ ಅಂತ ಅಕ್ಕ ಕೇಳಿದಳು. ಒಬ್ಬ ಸ್ಟೂಡೆಂಟು ಅಂದರು.

ಬಸ್ಸು ಮೂರೂವರೆ ತಾಸು. ಕಲ್ಲೊಡ್ಡು ಕ್ಯಾಂಪಸ್ಸು ಊರ ಹೊರಗೆ, ಸಿಮೆಂಟು ಬಣ್ಣದ ಎರಡು ಅಂತಸ್ತು. ಗೇಟಿನಲ್ಲಿ ವಾಚ್‌ಮನ್ ಪೇಪರು ಮುಖದ ಮೇಲೆ ಹೊದ್ದುಕೊಂಡು ಮಲಗಿದ್ದ. ಎಬ್ಬಿಸಿ ಕೇಳಿದರೆ, ಇಲ್ಲಿಗೆ ಈಗ ಯಾರು ಬರ್ತಾರ್ರೀ, ಎಲ್ಲಾರೂ ಮನ್ಯಾಗ ಫೋನಿನ್ಯಾಗ ಕಲೀತಾರ, ಆ ಗೌಂಡ್ಯಾರ ಹುಡುಗಿ ಒಬ್ಬಾಕಿ ಬರ್ತಾಳ ಅಂದ. ಒಂದೇ ಖೋಲಿಯ ಮನೆ, ಎಂಟು ಮಂದಿ, ಅಲ್ಲಿ ಕೂತು ಓದೋದು ಹೆಂಗ ಸಾಧ್ಯ ಅಂತ ಅವನೇ ಮುಂದುವರಿಸಿದ. ಮೇಲಿನ ಹಾಲಿನಲ್ಲಿ ಅರವತ್ತು ಕುರ್ಚಿ, ಅರವತ್ತು ಹೆಡ್‌ಫೋನು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಎತ್ತರದ ಹುಡುಗಿಯೊಬ್ಬಳು ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು.

ಅವಳಿಗೆ ಹೆಜ್ಜೆ ಸಪ್ಪಳ ಕೇಳಿಸಲಿಲ್ಲ. ಹತ್ತಿರ ಹೋದಂತೆ ಮೇಡಂಗೆ ತನ್ನ ದನಿಯೇ ಕೇಳಿಸಿತು, ಸಣ್ಣಗೆ, ಹೆಡ್‌ಫೋನಿನಿಂದ ಸೋರುತ್ತ. ಒಂದು ವಾಕ್ಯ ಮುಗಿದರೆ ಹುಡುಗಿ ಹೂಂ ಅನ್ನುವಳು. ಇನ್ನೊಂದು ಮುಗಿದರೆ ಹೂಂ. ಪೆನ್ನು ಮುಚ್ಚಿಯೇ ಇತ್ತು. ಹೊಲದ ಕಡೆ ನೋಡುತ್ತ, ತೊಡೆಯ ಮೇಲೆ ಕೈಯಿಟ್ಟುಕೊಂಡು, ಅಜ್ಜಿಯ ಮುಂದೆ ಕೂತ ಹಾಗೆ ಕೂತಿದ್ದಳು. ಮೇಡಂಗೆ ಕಣ್ಣು ತುಂಬಿಬಂತು. ಆಮೇಲೆ ಭುಜ ತಟ್ಟಿದರು.

ಬಾಳವ್ವ ಬೆಚ್ಚಿ ಎದ್ದು ನಿಂತಳು. ಹೆಡ್‌ಫೋನು ಕೊರಳಿಗೆ ಜಾರಿತು. ಯಾರು ಅಂತ ಹೇಳಲು ಮೇಡಂ ಬಾಯಿ ತೆರೆದದ್ದೇ ತಡ, ದನಿ ಕೇಳಿ ಅವಳಿಗೆ ಗೊತ್ತಾಗಿಬಿಟ್ಟಿತು. ಕಾಲು ಮುಟ್ಟಲು ಬಗ್ಗಿದಳು. ಮೇಡಂ ಹಿಡಿದು ಕೂರಿಸಿ, ಪಕ್ಕದ ಕುರ್ಚಿ ಎಳೆದುಕೊಂಡು ತಾವೂ ಕೂತರು. ಕೊರಳಲ್ಲಿದ್ದ ಹೆಡ್‌ಫೋನಿನೊಳಗೆ ದನಿ ಇನ್ನೊಂದೆರಡು ವಾಕ್ಯ ಮಾತಾಡಿ ನಿಂತುಹೋಯಿತು.

ಇಲ್ಲಿ ರೆಕಾರ್ಡಿಂಗ್ ಇಲ್ಲ, ಸಾಹೇಬರಿಲ್ಲ, ನಾನೊಬ್ಬಳೇ ಅಂದರು. ತಿಳಿಯದಿದ್ದರೂ ಯಾಕೆ ಹೂಂ ಅಂತಿದ್ದಿ, ಬೈಯುವುದಿಲ್ಲ, ಹೇಳು ಅಂದರು. ಹುಡುಗಿ ಪೆನ್ನಿನ ಮುಚ್ಚಳ ತಿರುವಿದಳು.

"ಹೂಂ ಅನ್ನದಿದ್ರ ನೀವು ಸುಮ್ಮನಾಗಿಬಿಡ್ತಿದ್ರಿ ಮೇಡಂ. ಇಲ್ಲಿ ಮತ್ತ ಯಾರೂ ಇಲ್ರಿ."

ಎಲ್ಲಿಂದ ತಿಳಿಯಲಿಲ್ಲ ಅಂತ ಮೇಡಂ ಕೇಳಿದರು. ಬಾಳವ್ವ ನೋಟ್‌ಬುಕ್ಕಿನ ಹಳೆಯ ಪುಟ ತೆಗೆದಳು. ಮೂರನೇ ಪಾಠ. ಅಲ್ಲಿ ಒಂದೇ ಒಂದು ಅಂಕಿ ಬರೆದಿತ್ತು, ಅರವತ್ತಾರು.

"ನೀವು ಅಕ್ಕಪಕ್ಕ ಕುಂತ ನಾಕು ಮಂದಿ ಎತ್ತರ ಬರಕೋರಿ, ನಿಮ್ಮದೂ ಬರಕೋರಿ ಅಂದ್ರಿ. ಪಕ್ಕದಾಗ ಯಾರೂ ಇದ್ದಿದ್ದಿಲ್ರಿ. ನಂದಷ್ಟ ಬರದೆ, ಇಂಚಿನ್ಯಾಗ. ಸರಾಸರಿನೂ ನಂದ ಬಂತು. ಅದರಾಗ ನನ್ನ ಎತ್ತರ ಕಳದೆ. ಸೊನ್ನಿ. ನಾಕನೇ ಪಾಠದಾಗ, ಹಿಂದ ಬಂದ ಉತ್ತರದಿಂದ ಭಾಗಿಸ್ರಿ ಅಂದ್ರಿ. ಸೊನ್ನಿಯಿಂದ ಹೆಂಗ ಭಾಗಿಸೂದ್ರಿ ಮೇಡಂ?"

ಎಪ್ಪತ್ತು ಮಂದಿ ಕಿಕ್ಕಿರಿದ ತರಗತಿಯಲ್ಲಿ ತಾನು ಆಡಿದ ಮಾತು ಅದು. ಬೆಂಚುಗಳ ನಡುವೆ ಓಡಾಡಿ, ಬೆನ್ನಿಗೆ ಬೆನ್ನು ಹಚ್ಚಿ ನಿಂತು, ನಕ್ಕು ಗದ್ದಲ ಮಾಡಿದ್ದರು ಆ ವಿದ್ಯಾರ್ಥಿಗಳು. ಆ ಗದ್ದಲ ಅಳಿಸಿ ಮಾತನ್ನಷ್ಟೇ ನಾನ್ನೂರು ಕಟ್ಟಡಗಳಿಗೆ ಕಳಿಸಿದ್ದರು. ಮೇಡಂಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ತನ್ನ ಮೇಲೂ ಬಂತು. ಚಪ್ಪಲಿ ಬಿಟ್ಟು ಎದ್ದು, ಗೋಡೆಗೆ ಬೆನ್ನು ಹಚ್ಚಿ ನೆಟ್ಟಗೆ ನಿಂತರು.

"ನಂದು ಬರಕೋ," ಅಂದರು.

ಬಾಳವ್ವ ಅನುಮಾನಿಸಿದಳು. ಮೇಡಂ ತಲೆಯ ಮೇಲೆ ನೋಟ್‌ಬುಕ್ಕು ಇಡುವುದು ಹೇಗೆ ಅಂತ ಹಿಂದೆಮುಂದೆ ನೋಡಿದಳು. ಇಡು ಅಂದ ಮೇಲೆ ಮೆಲ್ಲಗೆ ಇಟ್ಟು, ಗೋಡೆಯ ಮೇಲೆ ಪೆನ್ನಿನಿಂದ ಗೀಟು ಎಳೆದು, ಸ್ಕೇಲಿನಿಂದ ನೆಲದವರೆಗೆ ಅಳೆದಳು. ಅರವತ್ತೊಂದು. ನೆಲದ ಮೇಲೆಯೇ ಕೂತು ಕೂಡಿಸಿದಳು, ಎರಡರಿಂದ ಭಾಗಿಸಿದಳು, ಕಳೆದಳು. ಒಮ್ಮೆ ಹೊಡೆದು ಹಾಕಿ ಇನ್ನೊಮ್ಮೆ ಮಾಡಿದಳು.

"ಎರಡೂವರಿ ಬಂತ್ರೀ ಮೇಡಂ," ಅಂದಳು ಬಾಳವ್ವ, ಪುಟದಿಂದ ಕಣ್ಣು ತೆಗೆಯದೆ. "ಸೊನ್ನಿ ಬರಲಿಲ್ಲ."